ಪೂಜೆಗಿಟ್ಟ ಕೈಗುದ್ದಲಿ

ನನ್ನ ಮೊಮ್ಮಗಳ ಬಲಗೈ ಉಳಿಯಿತು. ಇವತ್ತು ಬೆಳಿಗ್ಗೆ ಡಾಕ್ಟರು ತಮ್ಮ ಎರಡು ಬೆರಳು ಅವಳ ಕೈಗೆ ಕೊಟ್ಟು ಹಿಂಡು ಅಂದರು. ಅವಳು ಹಿಂಡಿದ ರಭಸಕ್ಕೆ ಅವರ ಮುಖ ಕಿವುಚಿಕೊಂಡಿತು. ಸಾಕು ಬಿಡಮ್ಮ, ನಾಳೆ ನಾನು ಆಪರೇಷನ್ ಮಾಡಬೇಕು ಅಂತ ನಕ್ಕರು. ಇನ್ನು ಬರುವುದೇ ಬೇಡವಂತೆ. ಎಂಟು ವರ್ಷದ ಹುಡುಗಿ, ಇನ್ನು ಬರೆಯುತ್ತಾಳೆ, ಜಡೆ ಹೆಣೆದುಕೊಳ್ಳುತ್ತಾಳೆ, ಬೇಕಾದವರಿಗೆ ಗುದ್ದುತ್ತಾಳೆ. ಬಸ್ಸಿನಲ್ಲಿ ಪಕ್ಕ ಕೂತಿದ್ದವರಿಗೆ ಹೇಳಿದೆ, ಕಂಡಕ್ಟರಿಗೆ ಹೇಳಿದೆ, ಹೂಟಗಳ್ಳಿಯಲ್ಲಿ ಇಳಿದು ಹೂವಿನವಳಿಗೂ ಹೇಳಿದೆ. ಹೇಳಿ ಸಾಲದೆ ಈಗ ಬರೆಯಲು ಕೂತಿದ್ದೇನೆ.

ನಾನು ಇಲ್ಲಿನ ಒಂದು ಕಾರ್ಖಾನೆಯ ತೋಟದಲ್ಲಿ ಮೂವತ್ತು ವರ್ಷ ಮಾಲಿಯಾಗಿದ್ದವನು. ಗುಂಡಿ ತೋಡುವುದಕ್ಕೆ ದೊಡ್ಡ ಗುದ್ದಲಿ. ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸಕ್ಕೆಲ್ಲ ಕೈಗುದ್ದಲಿ: ಗೇಣುದ್ದದ ಹಿಡಿ, ನಾಲ್ಕು ಬೆರಳಗಲದ ಅಲಗು. ಅದರಲ್ಲಿ ಸಸಿ ನೆಡುವಾಗ ತಾಯಿಯ ಕೈ ಇರಬೇಕು, ಕಳೆ ತೆಗೆಯುವಾಗ ಕಟುಕನ ಕೈ. ಕೊನ್ನಾರಿ ಹುಲ್ಲಿನ ತಲೆ ಕತ್ತರಿಸಿದರೆ ಅದು ಸಾಯುವುದಿಲ್ಲ. ಅಲಗನ್ನು ಬುಡದ ಪಕ್ಕ ಚುಚ್ಚಿ, ಮಣ್ಣಿನೊಳಗಿನ ಗಡ್ಡೆಯ ಕೆಳಕ್ಕೆ ತೂರಿಸಿ, ಮೀಟಿ, ಕರುಳು ಎಳೆದ ಹಾಗೆ ಎಳೆಯಬೇಕು. ದಿನವಿಡೀ ಹೀಗೆ ಕೊಂದು ಬಂದು ಸುಖವಾಗಿ ನಿದ್ದೆ ಹೊಡೆಯುತ್ತಿದ್ದೆ.

ಹೋದ ವರ್ಷದ ಆಯುಧಪೂಜೆ. ಅಂಗಳದಲ್ಲಿ ಮಣೆಯ ಮೇಲೆ ಮಗನ ಸ್ಪ್ಯಾನರುಗಳು, ಹೆಂಡತಿಯ ಈಳಿಗೆಮಣೆ, ನನ್ನ ಕೈಗುದ್ದಲಿ. ಅರಿಶಿನ ಕುಂಕುಮ ಇಟ್ಟು ಮಂಗಳಾರತಿ ಆಗಿತ್ತು. ಪೂಜೆಗಿಟ್ಟ ಆಯುಧವನ್ನು ಮರುದಿನದ ಪೂಜೆಯವರೆಗೂ ಅಲುಗಿಸಬಾರದು. ನಮ್ಮಪ್ಪ ನನಗೆ ಹೇಳಿದ್ದು, ನಾನು ಮಗನಿಗೆ ಹೇಳಿದ್ದು.

ಮಗ ಗೇಟಿನ ಮುಂದೆ ಬೂದುಗುಂಬಳ ಒಡೆದು ಒಳಗೆ ಹೋದ. ಕುಂಕುಮ ತುಂಬಿದ ಹೋಳುಗಳಿಂದ ಚಿಲ್ಲರೆ ಆರಿಸಲು ಮೊಮ್ಮಗಳು ಬಗ್ಗಿದಳು. ಖಾಲಿ ಸೈಟಿನ ಕಡೆಯಿಂದ ಬಂದ ಕಂದು ನಾಯಿ ಬೊಗಳಲೂ ಇಲ್ಲ. ಅವಳ ಮುಂಗೈ ಕಚ್ಚಿಕೊಂಡು, ತಲೆ ಒದರುತ್ತಾ ರಸ್ತೆಗೆ ಎಳೆಯಿತು.

ನಾನು ಮಣೆಯ ಪಕ್ಕದಲ್ಲೇ ಇದ್ದೆ. ಕೈ ಗುದ್ದಲಿಯತ್ತ ಹೋಯಿತು. ಅದರ ಮೇಲಿನ ಹೂವು, ಕುಂಕುಮ ಕಂಡು ತಾನಾಗಿ ಹಿಂದಕ್ಕೆ ಬಂತು. ಬರಿಗೈಯಲ್ಲಿ ಓಡಿದೆ. ಹೊಟ್ಟೆಗೆ ಒದ್ದೆ, ಕಿವಿ ಹಿಡಿದು ಜಗ್ಗಿದೆ, ಮೂತಿಗೆ ಗುದ್ದಿದೆ. ಮುಂಗೈ ಬಿಟ್ಟ ಹಲ್ಲು ಮೇಲೆ ತೋಳಿಗೆ ನೆಟ್ಟಿತು. ಮಾಂಸ ಹರಿಯುವ ಸದ್ದು ಕೇಳಿಸಿತು. ಆಗ ವಾಪಸು ಓಡಿ ಗುದ್ದಲಿ ಎತ್ತಿಕೊಂಡು ಬಂದೆ. ಮೊದಲ ಏಟು ಬೆನ್ನಿಗೆ, ಎರಡನೆಯದು ಕತ್ತಿನ ಬುಡಕ್ಕೆ. ಆಮೇಲಿನವು ನೆನಪಿಲ್ಲ. ಅದು ಅಲುಗುವುದು ನಿಂತ ಮೇಲೂ ಕೊಚ್ಚುತ್ತಲೇ ಇದ್ದೆನಂತೆ. ಮಗ ಹಿಂದಿನಿಂದ ತಬ್ಬಿ ಬಿಡಿಸಿದ. ರಸ್ತೆಯಲ್ಲಿ ಕುಂಕುಮ ಯಾವುದು, ರಕ್ತ ಯಾವುದು ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಹೊಲಿದರು, ನಾಯಿ ಸೂಜಿ ಚುಚ್ಚಿದರು. ತೋಳಿನ ನರ ಹರಿದಿದೆ, ಬೆರಳು ಮಡಚುವುದು ಕಷ್ಟ ಅಂದರು. ಮೊದಲೇ ಗುದ್ದಲಿ ಎತ್ತಿದ್ದರೆ ತೋಳಿಗೆ ಹಲ್ಲು ಬೀಳುತ್ತಿರಲಿಲ್ಲ. ಕೈ ಹಿಂದಕ್ಕೆ ತೆಗೆದದ್ದನ್ನು ಮಗನಿಗೆ ನಾನೇ ಹೇಳಿದೆ. ಅವತ್ತಿನಿಂದ ಅವನು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು.

ಹೆಂಡತಿಗೆ ಗುದ್ದಲಿಯ ಮೇಲೆ ಕೋಪ. ಪೂಜೆ ಕೆಟ್ಟ ಕಬ್ಬಿಣ, ರಕ್ತ ಕುಡಿದಿದೆ ಅಂತ. "ಮೊದ್ಲು ಇದ್ನ ತಕ್ಕೊಂಡೋಗಿ ಹೊಳೆಗೆ ಬುಟ್ಬುಟ್ಟು ಬನ್ನಿ ಕಣ್ರೀ," ಅಂದಳು. ನಾನು ಗೋಣಿ ಸುತ್ತಿ ಹಿತ್ತಿಲಿನಲ್ಲಿ ಬಚ್ಚಿಟ್ಟೆ.

ಬೆರಳಿಗೆ ಕಸುವು ಬರಲಿ ಅಂತ ಆಸ್ಪತ್ರೆಯವರು ಮೆತ್ತನೆ ಚೆಂಡು ಕೊಟ್ಟಿದ್ದರು. ಹುಡುಗಿ ಅದನ್ನು ಮೋರಿಗೆಸೆದಳು. ಒಂದು ಬೆಳಿಗ್ಗೆ ನಾನು ಬದನೆ ಪಾತಿಯಲ್ಲಿದ್ದಾಗ ಬಂದು ನಿಂತಳು.

"ತಾತ, ನಾಯಿನ ಯಾವ್ದ್ರಲ್ಲಿ ಸಾಯ್ಸಿದ್ದು?"

ಗೋಣಿ ಬಿಚ್ಚಿ ತೋರಿಸಿದೆ.

"ನಂಗೆ ಕೊಡು."

ಬೆರಳು ಮುಚ್ಚುತ್ತಿರಲಿಲ್ಲ. ಹಿಡಿಗೆ ಹಳೇ ಸೀರೆಯ ಚೂರು ಸುತ್ತಿ ದಪ್ಪ ಮಾಡಿದೆ. ಅವಳ ಕೈ ಮೇಲೆ ನನ್ನ ಕೈ ಇಟ್ಟು ಕೊನ್ನಾರಿ ಬುಡಕ್ಕೆ ಚುಚ್ಚಿಸಿದೆ. ಹಲ್ಲು ಕಚ್ಚಿ ಮೀಟಿದಳು. ಗಡ್ಡೆ ಕಿತ್ತು ಬಂದಾಗ, ಸತ್ತೋಯ್ತು ಅಂದಳು. ಅಲ್ಲಿಂದ ದಿನಾ ಬೆಳಿಗ್ಗೆ ಹಿತ್ತಿಲಿನಲ್ಲಿ ಕೊಲೆ. ಇದು ಕಿವಿ, ಇದು ಬಾಲ, ಇದು ಕತ್ತು ಅಂತ ಒಂದೊಂದು ಕಳೆಯನ್ನೂ ಕೊಚ್ಚುವಳು. ಸಿಟ್ಟಿಗೆ ನಾಲ್ಕಾರು ಬದನೆ ಸಸಿಗಳೂ ಹೋದವು. ಹೆಣ್ಣುಮಗುವಿಗೆ ಇದೆಂಥ ವಿದ್ಯೆ ಅಂತ ಹೆಂಡತಿ ನನ್ನನ್ನು ಬೈದಳು. ಚೆಂಡು ಹಿಸುಕದ ಹುಡುಗಿ ಗಂಟೆಗಟ್ಟಲೆ ಚುಚ್ಚುತ್ತಿದ್ದಳಲ್ಲ, ನನಗೆ ಅಷ್ಟು ಸಾಕಿತ್ತು.

ತಿಂಗಳುಗಳ ಮೇಲೆ ಒಂದು ದಿನ ನನ್ನ ಕೈಯನ್ನು ಮೊಣಕೈಯಿಂದ ತಳ್ಳಿದಳು. "ನೀನು ಬುಡು ತಾತ, ನಾನೇ ಕೊಲ್ತೀನಿ." ನೋಡುತ್ತೇನೆ, ಕಿರುಬೆರಳೂ ಹಿಡಿಯನ್ನು ಸುತ್ತಿಕೊಂಡಿದೆ. ಕಳೆ ಕಿತ್ತ ಗುಣಿಯಲ್ಲೇ ಟೊಮೆಟೊ ಸಸಿ ನೆಟ್ಟು, ಮುಷ್ಟಿಯಿಂದ ಗುದ್ದಿ ಗುದ್ದಿ ಮಣ್ಣು ಕೂರಿಸಿದಳು. ಮಗ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದ.

ಇವತ್ತು ಸಂಜೆ ಸೊಸೆ ಒಬ್ಬಟ್ಟು ಮಾಡಿದಳು. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ಮಗ ತಟ್ಟೆ ಹಿಡಿದು ಬಂದವನು ಒಂದು ಗಳಿಗೆ ನಿಂತು, ನನ್ನ ಪಕ್ಕಕ್ಕೇ ಕೂತ. "ತುಪ್ಪ ಆಕಿಸ್ಕೊಳಪ್ಪ," ಅಂದ. ನಾನು ತಟ್ಟೆ ಮುಂದಕ್ಕೆ ಸರಿಸಿದೆ. ಅಷ್ಟರಲ್ಲಿ ಅವನು ಕೀಟಲೆಗೆ ಮಗಳ ತಟ್ಟೆಯ ಹಪ್ಪಳಕ್ಕೆ ಕೈ ಹಾಕಿದ. ಅವಳು ಪಟಾರನೆ ಬಾರಿಸಿದಳು, ಬಲಗೈಯಲ್ಲಿ. ಅವನ ಮುಂಗೈ ಮೇಲೆ ಐದೂ ಬೆರಳು ಕೆಂಪಗೆ ಎದ್ದವು. ಯಾರೂ ಗದರಲಿಲ್ಲ. ಅವನು ಆ ಕೈಯನ್ನು ನನ್ನ ಮುಂದೆ ಚಾಚಿ ಹಿಡಿದು ತೋರಿಸಿದ. ನಾವಿಬ್ಬರೂ ಅದನ್ನೇ ನೋಡುತ್ತಾ ಕೂತಿದ್ದೆವು, ಒಬ್ಬಟ್ಟು ಆರುತ್ತೆ ತಿನ್ನಿ ಅಂತ ಹೆಂಡತಿ ಹೇಳುವವರೆಗೂ.