ಹೊಸ್ತಿಲಲ್ಲಿ ಮುಗಿದ ಮಹಾಕಾವ್ಯ

ಮದುವೆಯಾಗಿ ಬಂದ ದಿನವೇ ನಾನು ಒಂದು ಮಹಾಕಾವ್ಯವನ್ನು ಕೊಂದೆ. ಬೇಕೆಂದು ಕೊಂದದ್ದಲ್ಲ. ಹಸಿವಾಗಿತ್ತು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಹೊಸ ಸೊಸೆ ಮನೆಯೊಳಗೆ ಕಾಲಿಡುವ ಮೊದಲು ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಒಡಪು ಹೇಳಬೇಕು. ಅಂದರೆ ಪ್ರಾಸ ಕೂಡಿಸಿದ ಸಾಲುಗಳಲ್ಲಿ ಗಂಡನ ಹೆಸರು ಸೇರಿಸಿ ಹೇಳಬೇಕು. ಹೇಳಿದರಷ್ಟೇ ದಾರಿ. ಅಳವಂಡಿಯಿಂದ ಯಲಬುರ್ಗಿಗೆ ಚಕ್ಕಡಿ ಗಾಡಿಯಲ್ಲಿ ಬಂದವಳು ನಾನು. ಮೈಯೆಲ್ಲ ಧೂಳು, ಹೊಟ್ಟೆ ಖಾಲಿ. ಎರಡು ಒಡಪು ಕಲಿತುಕೊಂಡೇ ಬಂದಿದ್ದೆ. ಆದರೆ ನಾದಿನಿ ಬಿಡಬೇಕಲ್ಲ?

"ಅವೆಲ್ಲಾ ಹಳೇವು. ನಮ್ಮಪ್ಪ ಓದೋ ಪುರಾಣದ ಮ್ಯಾಲ ಹೇಳವಾ. ಇಲ್ಲಾಂದ್ರ ಇಲ್ಲೇ ನಿಂದ್ರು."

ಅವಳಪ್ಪ, ಅಂದರೆ ನನ್ನ ಮಾವ, ಹೊಲ ಮಾಡುವವರು. ಶ್ರಾವಣ ಬಂತೆಂದರೆ ಮಾತ್ರ ಸಂಜೆ ಗುಡಿಯಲ್ಲಿ ಪುರಾಣ ಹಚ್ಚುತ್ತಿದ್ದರು, ಅಂದರೆ ಓದಿ ಅರ್ಥ ಹೇಳುತ್ತಿದ್ದರು. ಒಂದೇ ಕಾವ್ಯ, ಹದಿನೆಂಟು ಸಂಧಿ, ಇಡೀ ತಿಂಗಳು. ನಿಜಾಮರ ರಾಜ್ಯದಲ್ಲಿ ಶಾಲೆಯೂ ಉರ್ದು, ಕಚೇರಿಯೂ ಉರ್ದು. ಅಂಥ ತೂಕದ ಕನ್ನಡ ನಮ್ಮ ಓಣಿಯವರ ಕಿವಿಗೆ ಬೀಳುತ್ತಿದ್ದದ್ದು ಅಲ್ಲಿ ಮಾತ್ರ. ಆ ಕಾವ್ಯವನ್ನು ನಾನು ಹೊಸ್ತಿಲಲ್ಲಿ ನಿಂತು ಹೀಗೆ ಮುಗಿಸಿದೆ:

ಅಡವಿಗಿ ಹ್ವಾದ ರಾಜಗ ಅನ್ನಕ್ಕಿಲ್ಲ ತುಪ್ಪ,
ಅರಮನ್ಯಾಗ ರಾಣಿ ಅತ್ತು ಸಾರಿಗಿಲ್ಲ ಉಪ್ಪ,
ಹನ್ನೆರಡ ವರ್ಷ ಹುಡುಕ್ಯಾಡಿದ್ರು, ಯಾರದೈತಿ ತಪ್ಪ?
ಮನಿಗಿ ಬಂದು ಉಂಡ್ರು ನೋಡ್ರಿ, ನನ್ನ ಗಂಡ ಮಲ್ಲಪ್ಪ!

(ಹೆಸರು ಬರೆದದ್ದಕ್ಕೆ ಯಾರೂ ಹುಬ್ಬೇರಿಸಬೇಡಿ. ಒಡಪು ಬಿಟ್ಟು ಬೇರೆ ಕಡೆ ಬಾಯಲ್ಲಿ ಹೇಳಿದರೆ ತಪ್ಪು, ಬರೆದರಲ್ಲ ಎಂದು ನಮ್ಮ ಮನೆಯವರೇ ಜಡ್ಜ್‌ಮೆಂಟ್ ಕೊಟ್ಟಿದ್ದಾರೆ.)

ಬಾಗಿಲಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದವರು ಒಬ್ಬರೇ. ಮಾವ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹಿತ್ತಲಿಗೆ ನಡೆದುಬಿಟ್ಟರು.

ಒಡಪು ತಾನೇ ಊರು ಸುತ್ತಿತು. ಕೊಪ್ಪಳದ ಸಂತೆಗೆ ಹೋಗಿಬಂದವರು ಅಲ್ಲಿ ಕೇಳಿದೆವೆಂದರು. ಕುಷ್ಟಗಿಯ ಬೀಗರು ಬಾಯಿಪಾಠ ಮಾಡಿಕೊಂಡೇ ಬಂದರು. ಬಾವಿಯ ಹತ್ತಿರ ಒಬ್ಬಾಕೆ, "ಛಲೋ ಆತು ಬಿಡವಾ, ತಿಂಗಳಗಟ್ಲೆ ಕುಂತು ಕೇಳೋದು ತಪ್ಪಿಸಿದಿ" ಎಂದಳು. ನಾನು ಬೀಗಿದೆ. ಯಾಕೆ ಬೀಗಬಾರದು? ಸುದ್ದಿಗೆ ಟೆಲಿಗ್ರಾಮು, ಪರೀಕ್ಷೆಗೆ ಗೈಡು, ಪುರಾಣಕ್ಕೆ ನಾನು!

ಮಾವ ಮಾತ್ರ ನನ್ನ ಜೊತೆ ಮಾತು ಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಷಾಢದಲ್ಲಿ ಗುಡಿಯ ಹಿರಿಯರು ಈ ವರ್ಷದ ಪುರಾಣದ ಮಾತು ಕೇಳಲು ಬಂದಾಗ ಮಾವ ಹೇಳಿದ್ದು ಒಳಗಿದ್ದ ನನಗೂ ಕೇಳಿಸಿತು.

"ಹದಿನೆಂಟೂ ಸಂಧಿ ನಮ್ಮ ಹೊಸ್ತಿಲದಾಗ ಮುಗದಾವ್ರಿ. ಇನ್ನ ಓದೂದು ಏನ ಉಳದೈತಿ? ಈ ವರ್ಷ ಬ್ಯಾಡ."

ರೊಟ್ಟಿ ಹಂಚಿನ ಮೇಲೆ ಕರಿಯಾಯಿತು. ಈ ಮನೆಯಲ್ಲಿ ನಾನು ಇನ್ನೂ ವರ್ಷ ತುಂಬಿಸಿರಲಿಲ್ಲ, ಆಗಲೇ ಮನೆಯ ಹಿರಿಯರ ಬಾಯಿ ಕಟ್ಟಿಸಿದ್ದೆ.

ಮರುದಿನ ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಒಬ್ಬರೇ ಇದ್ದರು. ಹೋಗಿ ಕಂಬದ ಮರೆಯಲ್ಲಿ ನಿಂತೆ.

"ಮಾವಾರ, ನನಗ ಆ ಕಥಿ ಗೊತ್ತಿಲ್ರಿ."

"ಏನಂದಿ?"

"ನಾ ಸಣ್ಣಾಕಿದ್ದಾಗ ನೀವು ಒಂದ ವರ್ಷ ನಮ್ಮ ಅಳವಂಡ್ಯಾಗ ಪುರಾಣ ಹಚ್ಚಿದ್ರಿ, ಆಗ ನಾನು ನಮ್ಮವ್ವನ ತೊಡಿ ಮ್ಯಾಲ ಮಲಗಿರ್ತಿದ್ದೆ. ಅರ್ಧಾ ಕೇಳೀನಿ, ಅರ್ಧಾ ಕನಸ ಕಂಡೀನಿ. ಕಡೀಕ ಏನಾತು ಅನ್ನೋದು ಗೊತ್ತಽ ಇಲ್ಲ. ಅವತ್ತ ಭಾಳ ಹಸಿವಾಗಿತ್ತರಿ. ಅದಕ್ಕ ಆ ರಾಜಾ ರಾಣಿಗೂ ಉಣಿಸಿಬಿಟ್ಟೆ."

ಎಂಥ ನಿದ್ದೆ ಅದು! ಮಾವ ಓದುವ ಧ್ವನಿ ಎಲ್ಲೋ ದೂರದಿಂದ ಬರುತ್ತಿತ್ತು. ರಾಜನ ಕುದುರೆ ನಮ್ಮ ಜೋಳದ ಹೊಲದ ಬದುವಿನ ಮೇಲೆ ಮೆಲ್ಲಗೆ ನಡೆದು ಬರುತ್ತಿತ್ತು. ರಾಣಿ ಅವ್ವನದೇ ಸೀರೆ ಉಟ್ಟಿರುತ್ತಿದ್ದಳು. ತೆನೆಗಳ ನಡುವೆ ಯುದ್ಧ ನಡೆಯುತ್ತಿತ್ತು, ಯಾರಿಗೂ ಪೆಟ್ಟಾಗುತ್ತಿರಲಿಲ್ಲ. ಯಾರೋ ನನ್ನನ್ನು ಎತ್ತಿಕೊಂಡು ಮನೆಗೆ ನಡೆದಾಗಲೂ ಆ ಕುದುರೆಯ ಮೇಲೇ ಇದ್ದೇನೆ ಅನಿಸುತ್ತಿತ್ತು. ಅಷ್ಟು ಸುಖದ ನಿದ್ದೆ ನನಗೆ ಆಮೇಲೆ ಬಂದೇ ಇಲ್ಲ.

ಮಾವ ಗೋಡೆಯ ಗೂಡಿನಿಂದ ಪುರಾಣದ ಪುಸ್ತಕ ಸುತ್ತಿದ್ದ ಕೆಂಪು ವಸ್ತ್ರದ ಗಂಟು ಇಳಿಸಿ ಬಿಚ್ಚಿದರು. "ಕುಂದ್ರು" ಎಂದರು.

ದಿನಾ ಮಧ್ಯಾಹ್ನ ಒಂದೊಂದು ಸಂಧಿ. ಅವರು ಓದಿ ಅರ್ಥ ಹೇಳುವರು, ನಾನು ಅಕ್ಕಿ ಆರಿಸುತ್ತಾ ಕೇಳುವೆ. ಕಣ್ಣು ಎಳೆಯುತ್ತಿತ್ತು, ಸುಳ್ಳು ಯಾಕೆ? ಆದರೆ ಮಲಗಲಿಲ್ಲ. ಕಡೆಯ ಸಂಧಿಯಲ್ಲಿ ರಾಜ ತುಂಬಿದ ಹೊಳೆಯ ಈ ದಂಡೆಗೆ ಬಂದ, ರಾಣಿ ಆ ದಂಡೆಗೆ. ಒಬ್ಬರನ್ನೊಬ್ಬರು ಕಂಡರು. ಕೂಗಿದರು. ಅಷ್ಟೇ. ಕವಿ ಅಲ್ಲಿಗೇ ಮುಗಿಸಿಬಿಟ್ಟಿದ್ದ.

"ಮುಂದ?" ಎಂದೆ.

"ಮುಂದಿಲ್ಲ ಯವ್ವಾ. ಅವರು ಮನಿಗಿ ಬರಂಗಿಲ್ಲ."

ಅಕ್ಕಿಯ ಮೊರ ಪಕ್ಕಕ್ಕಿಟ್ಟು ನಾನು ಅತ್ತೆ. ಇದನ್ನು ಇಟ್ಟುಕೊಂಡು ಊರನ್ನೇ ನಗಿಸಿದ್ದೆನಲ್ಲ!

ಮಾವ ಚಷ್ಮಾ ತೆಗೆದು ಒರೆಸಿಕೊಂಡರು. "ಅಳಬ್ಯಾಡ. ನಿನ್ನ ಒಡಪಿನ್ಯಾಗರ ಅವರು ಉಂಡ್ರು. ನಾನು ಮೂವತ್ತು ವರ್ಷ ಅವರನ್ನ ಉಪವಾಸಽ ಕಳಿಸೀನಿ."

ಆ ಶ್ರಾವಣ ಅವರು ಪುರಾಣ ಹಚ್ಚಿದರು. ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಡೆಯ ದಿನ ಒಂದಕ್ಷರ ಬಿಡದೆ, ಕವಿ ಬರೆದಂತೆಯೇ ಹೊಳೆಯ ದಂಡೆಯಲ್ಲಿ ನಿಲ್ಲಿಸಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಮಾವ ಪುಸ್ತಕ ಮುಚ್ಚಿ, ನಾನು ಕೂತಿದ್ದ ಕಡೆ ತಿರುಗಿ, ಎಲ್ಲರೆದುರಿಗೆ, "ಇನ್ನ ನೀ ನಿನ್ನ ಒಡಪು ಹೇಳವಾ" ಎಂದರು. ನಾನು ಎದ್ದು ಹೇಳಿದೆ.

ಕವಿ ದೊಡ್ಡವನು, ಒಪ್ಪಿದೆ. ಆದರೆ ಅಷ್ಟು ಅಳಿಸಿದವನು ಉಣ್ಣಿಸಿ ಕಳಿಸಬೇಕೋ ಬೇಡವೋ?