ಶಲ್ಯದ ಕೆಳಗಿನ ದರ

ನಮ್ಮ ಅಪ್ಪನ ಹೆಗಲ ಮೇಲಿನ ಶಲ್ಯ ಬೆವರು ಒರೆಸುವುದಕ್ಕೆಂದು ನೀವು ತಿಳಿದಿದ್ದರೆ, ಬೀದರದ ಕಾಳಿನ ಪೇಟೆ ಗಾಂಧಿ ಗಂಜನ್ನು ನೀವು ನೋಡಿಲ್ಲವೆಂದೇ ಅರ್ಥ. ಅಲ್ಲಿ ಅಪ್ಪನದು ಅಡತಿ ಅಂಗಡಿ; ರೈತರು ತಂದ ಕಾಳನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವ ಕೆಲಸ. ವ್ಯಾಪಾರಿ ಎದುರು ಬಂದು ಕುಳಿತನೆಂದರೆ ಶಲ್ಯ ಇಬ್ಬರ ಕೈಗಳ ಮೇಲೆ ಇಳಿಯುತ್ತಿತ್ತು. ಅದರ ಕೆಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ದರ ಕುದುರುತ್ತಿದ್ದರೆ, ಮೇಲೆ ಮಾತ್ರ ಮಗಳ ಮದುವೆ, ಮೊಣಕಾಲು ನೋವಿನ ಮಾತುಕತೆ ನಡೆಯುತ್ತಿತ್ತು. ಚೀಲದ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕಾಣುತ್ತಿದ್ದದ್ದು ಬಟ್ಟೆಯ ಅಲುಗಾಟವಷ್ಟೇ.

ಸಿರಿ ಕೂಡಿಬರುವ ಸ್ವಭಾವ ಎಂಥದೆಂದು ಯಾರಾದರೂ ಉಪದೇಶಕ್ಕೆ ಕುಳಿತರೆ ನನಗೆ ಆಕಳಿಕೆ ಬರುತ್ತದೆ. ಬೇಗ ಏಳಬೇಕಂತೆ, ಬೆವರು ಸುರಿಸಬೇಕಂತೆ! ಅಷ್ಟಕ್ಕೇ ಸಾಹುಕಾರರಾಗುವುದಿದ್ದರೆ ನಮ್ಮ ಗಂಜಿನ ಹಮಾಲರು ಎಂದೋ ಆಗಿರಬೇಕಿತ್ತು. ಆದರೂ ಒಂದು ಗುಣವುಂಟು. ಅದನ್ನು ನಾನು ಕಂಡದ್ದು ಖಟಕ ಚಿಂಚೋಳಿಗೆ ಕೊಟ್ಟಿದ್ದ ನನ್ನ ಸೋದರತ್ತೆ ನೀಲಮ್ಮನಲ್ಲಿ.

ಬೀದರ ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಸುಗ್ಗಿ ಅದು. ಹೈದರಾಬಾದಿನ ಖರೀದಿದಾರರು ಇನ್ನು ಇತ್ತ ತಲೆ ಹಾಕುವುದಿಲ್ಲವೆಂಬ ಪುಕಾರು ಎದ್ದು, ಮಂದಿ ಸಿಕ್ಕ ದರಕ್ಕೆ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಆಗಲೇ ಅತ್ತೆ ಬಾಡಿಗೆ ಬಂಡಿಯಲ್ಲಿ ತೊಗರಿ ಹೇರಿಕೊಂಡು ಬಂದಳು. ಗಂಡ ತೀರಿಕೊಂಡಿದ್ದ. ಈ ಬೆಳೆಯಲ್ಲಿ ಸ್ವಂತ ಜೋಡೆತ್ತು ಮಾಡಿಕೊಳ್ಳದಿದ್ದರೆ ಹೊಲವನ್ನು ತನಗೆ ಬಿಟ್ಟುಕೊಡಬೇಕೆಂದು ಮೈದುನ ಕಡ್ಡಿ ಮುರಿದಂತೆ ಹೇಳಿದ್ದ.

ಔರಾದಿನ ವ್ಯಾಪಾರಿಯೊಬ್ಬ ಬಂದ, ಶಲ್ಯ ಇಳಿಯಿತು. ಸ್ವಲ್ಪ ಹೊತ್ತಿಗೆ ಅಪ್ಪ ಎದ್ದು, "ಆತು ತಂಗೀ, ಕೊಟ್ಟುಬಿಡೂಣು" ಎಂದ.

"ಎಷ್ಟಕ್ಕಣ್ಣಾ?"

"ಎಲ್ಲಾರ ಮುಂದ ಹೇಳೂದಲ್ಲವ್ವಾ ಅದು. ಮನಿಗಿ ಹೋಗಿ ಹೇಳ್ತೇನಿ."

"ತೊಗರಿ ನಂದು. ನಾ ಹೆಣ್ಣಮಗಳು, ಶಲ್ಯದಾಗ ಕೈ ಹಾಕ್ಲಾಕ ಆಗಂಗಿಲ್ಲ. ಕಿವಿ ಅಂತೂ ಅದಾವಲ್ಲ, ಬಾಯಿಬಿಟ್ಟು ಹೇಳ್ರಿ."

ವ್ಯಾಪಾರಿ ನಕ್ಕು ಎದ್ದುಹೋದ. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಹುಚ್ಚಿ ಇದ್ದೀಯೇನು? ಮೈಸೂರಿಗಿ ಸೇರೀವಿ, ನಾಳಿಗಿ ಇಷ್ಟರ ಸಿಗ್ತದೋ ಇಲ್ಲೋ!"

"ರಾಜ್ಯ ಬದ್ಲಾದ್ರ ಮಂದಿ ಬ್ಯಾಳಿ ಉಣ್ಣೂದು ಬಿಡ್ತಾರೇನಣ್ಣಾ?" ಎಂದವಳೇ ಬಂಡಿ ತಿರುಗಿಸಿದಳು. ಅಂಗಡಿಯಲ್ಲಿ ಕೂರುವುದನ್ನು ಆಗಷ್ಟೇ ಕಲಿಯುತ್ತಿದ್ದ ನನಗೆ, ಅತ್ತೆಯ ಹೊಲ ಹೋಯಿತೆಂದೇ ಅನಿಸಿತು.

ಊರಲ್ಲಿ ಅವಳು ನೆರೆಹೊರೆಯ ಹೆಂಗಸರನ್ನು ಕೂಡಿಸಿಕೊಂಡು, ತೊಗರಿಗೆ ಎಣ್ಣೆ ಸವರಿ, ಬಿಸಿಲಿಗೆ ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು ಬೇಳೆ ಮಾಡಿದಳು. ಭಾಲ್ಕಿಯ ಸಂತೆಯಲ್ಲಿ ಕುಳಿತು ದರವನ್ನು ಕೂಗಿ ಹೇಳಿದಳು. ಚೌಕಾಶಿಗೆ ಬಂದವರಿಗೆ ಒಂದೇ ಉತ್ತರ: "ಇದೇ ರೇಟ್ರಿ. ತಹಶೀಲದಾರ ಸಾಹೇಬರಿಗೂ ಇದೇ, ನಮ್ಮವ್ವಗೂ ಇದೇ." ಮೊದಲ ಸಂತೆಯಲ್ಲಿ ಬೇಳೆ ಬಹುಪಾಲು ಹಾಗೇ ಮನೆಗೆ ಮರಳಿತು. ಅವಳು ಮತ್ತೆ ಹೋದಳು. ಪಕ್ಕದವರಿಗೆ ಕಡಿಮೆಗೆ ಕೊಟ್ಟಳೇನೋ ಎಂಬ ಗುಮಾನಿ ಇಲ್ಲದ ಕಡೆ ಗಿರಾಕಿಗೂ ನೆಮ್ಮದಿಯಲ್ಲವೇ? ಬರಬರುತ್ತಾ ಜನ ಅವಳನ್ನೇ ಹುಡುಕಿಕೊಂಡು ಬಂದರು. ಯುಗಾದಿಯ ಹೊತ್ತಿಗೆ ಅಂಗಳದಲ್ಲಿ ಎತ್ತಿನ ಜೋಡಿ ನಿಂತಿತ್ತು.

ಅದನ್ನು ಧೈರ್ಯವೆನ್ನಲೇ? ಆ ಮೊದಲ ಸಂತೆಯಿಂದ ಮರಳುವಾಗ ದಾರಿಯುದ್ದಕ್ಕೂ ಅತ್ತಿದ್ದೆನೆಂದು ಅವಳೇ ಹೇಳಿದ್ದಾಳೆ. ಊರ ಗಾಬರಿಯನ್ನು ತನ್ನ ಗಾಬರಿ ಮಾಡಿಕೊಳ್ಳದಿರುವುದು, ನಾಲ್ಕು ಜನರ ಮುಂದೆ ಹೇಳಲಾಗದ ವ್ಯವಹಾರಕ್ಕೆ ಕೈ ಹಾಕದಿರುವುದು: ಇದಕ್ಕೆ ನಿಮಗೆ ತಿಳಿದ ಹೆಸರಿದ್ದರೆ ಇಟ್ಟುಕೊಳ್ಳಿ.

ಮರುವರ್ಷದ ಸುಗ್ಗಿಯಲ್ಲಿ ನಾನು ಅವಳ ಮನೆಯಲ್ಲಿದ್ದಾಗ ಅದೇ ಮೈದುನ ಹೊಲದಿಂದ ನೇರವಾಗಿ ಬಂಡಿಯಲ್ಲಿ ಚೀಲ ಹೇರಿಕೊಂಡು ಬಾಗಿಲಿಗೆ ಬಂದ.

"ವೈನೀ, ನಮ್ಮ ತೊಗರೀನೂ ನಿಮ್ಮ ಜೋಡಿ ಬ್ಯಾಳಿ ಮಾಡಿ ಮಾರಿಕೊಡ್ತೀರೇನ್ರಿ?" ಎಂದವನು, ಹತ್ತಿರ ಬಂದು ದನಿ ತಗ್ಗಿಸಿದ. "ಖರೆ, ಏನು ರೇಟಿಗಿ ಹೋತಂತ ನನಗೊಬ್ಬವನಿಗೇ ಹೇಳ್ರಿ. ಮನ್ಯಾಗ ತಿಳಿಯೂದು ಬ್ಯಾಡ."

ಅತ್ತೆ ಅಂಗಳಕ್ಕಿಳಿದಳು. ಪಕ್ಕದ ಮನೆಯಲ್ಲಿದ್ದ ಅವನ ಹೆಂಡತಿಯನ್ನು ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಗೌರಾ, ಹೊರಗ ಬಾರವ್ವಾ! ನಿನ್ನ ಗಂಡ ತೊಗರಿ ತಂದಾನ. ರೇಟು ನಾ ನಿನಗ ಹೇಳ್ತೇನಿ."

ಮೈದುನ ಬಂಡಿಯ ಹಗ್ಗ ಬಿಚ್ಚಿದ. ಆಮೇಲೆ ಚೀಲ ಇಳಿಸತೊಡಗಿದ.