ಹಾಯಿದೋಣಿಗೆ ಕಟ್ಟಿದ ಕುರಿಬಲೆ

ಹದಿನೈದು ವರ್ಷ ನೌಕಾಪಡೆಯಲ್ಲಿ ಇದ್ದು ಬಂದವನು ನಾನು. ಊರಿಗೆ ಬಂದ ಮೇಲೆ ಕೊಲ್ಹಾರದ ಹಿನ್ನೀರಿನಲ್ಲಿ ಒಬ್ಬನೇ ಹಾಯಿದೋಣಿ ನಡೆಸಿಕೊಂಡು ಆರಾಮಾಗಿದ್ದೆ. ನೀರಾಟ ಕಲಿಸುವ ಶಿಬಿರವೊಂದು ಮುಚ್ಚಿದಾಗ ದಂಡೆಯಲ್ಲಿ ಬಿಟ್ಟುಹೋದ ಹದಿನಾರು ಅಡಿಯ ದೋಣಿ ಅದು. ಕೇಳಿ ತಂದು, ತೂತು ಮುಚ್ಚಿ, ಹಾಯಿ ಹೊಲಿದು ನೀರಿಗೆ ಇಳಿಸಿದ್ದೆ. ಆಮೇಲೆ ಈ ಹಾಳಾದ ಮೂರ್ಛೆ ಬಂತು. ಮೊದಲ ಸಲ ಬಚ್ಚಲಲ್ಲಿ, ಎರಡನೆಯ ಸಲ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ, ಅಷ್ಟೂ ಜನರ ಎದುರು.

ಗಾಡಿ ಓಡಿಸಬೇಡಿ, ಎತ್ತರ ಹತ್ತಬೇಡಿ, ನೀರಿನ ಹತ್ತಿರ ಒಬ್ಬರೇ ಹೋಗಬೇಡಿ ಎಂದರು ಡಾಕ್ಟರು. ಹೆಂಡತಿ ಆ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿದಳು. ಬೈಕಿನ ಕೀಲಿ ಜೋಳದ ಡಬ್ಬಿಯಲ್ಲಿ ಹೂತಳು. ನನ್ನ ಹಳೆಯ ಚಾಕು ಎಲ್ಲಿ ಬಚ್ಚಿಟ್ಟಳೋ, ಇಂದಿಗೂ ಸಿಕ್ಕಿಲ್ಲ. ಬಚ್ಚಲಿನ ಚಿಲಕವನ್ನೇ ಕೀಳಿಸಿದಳು. ಮೈಮೇಲೆ ನೀರು ಹಾಕಿಕೊಳ್ಳುವಾಗ ನಡುನಡುವೆ ನಾನು ‘ಹೂಂ’ ಎನ್ನಬೇಕು, ಇಲ್ಲದಿದ್ದರೆ ಬಾಗಿಲು ತೆರೆದೇಬಿಡುವಳು. ಅರವತ್ತು ದಾಟಿದ ಗಂಡಸು ಸೋಪು ಹಚ್ಚಿಕೊಂಡು ಹೂಂಗುಟ್ಟುತ್ತ ಕೂರುವುದೆಂದರೆ! ಎಂಟು ತಿಂಗಳು ಹೀಗೆ ಪಡಸಾಲೆಯಲ್ಲಿ ಕೊಳೆತೆ. ಕೊನೆಗೆ ಒಂದು ದಿನ ಊಟದ ತಾಟು ದೂಡಿ ಎದ್ದು, ದೋಣಿ ಇಳಿಸುತ್ತೇನೆ, ಯಾರು ತಡೆಯುತ್ತೀರೋ ನೋಡುತ್ತೇನೆ ಎಂದು ಕೂಗಾಡಿದೆ.

ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. “ದೋಣಿ ಸುತ್ತ ಬಲಿ ಕಟ್ರಿ, ನಾನೂ ಕೂಡ ಬರ್ತೇನಿ. ಒಮ್ಮಿ ಹೋಗಿ ಸುಸೂತ್ರ ಬಂದ್ರ, ಮುಂದ ತಕರಾರ ಮಾಡಂಗಿಲ್ಲ. ಏನರ ಹೆಚ್ಚುಕಡಿಮಿ ಆತಂದ್ರ, ದೋಣಿ ಮೀನಿನವ್ರಿಗೆ ಕೊಟ್ಟು ಕೈ ತೊಳ್ಕೋಬೇಕು. ಒಪ್ಪಿಗಿ ಏನು?”

ಒಪ್ಪಿದೆ. ಒಪ್ಪದೆ ಏನು ಮಾಡಲಿ?

ಬಲೆಗೆ ಆಸರೆಯಾಗಲೆಂದು ಮನಗೂಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಎಂಟು ಪೈಪು ಕೊಯ್ಯಿಸಿ, ಬುಡಕ್ಕೆ ಪಟ್ಟಿ ಬೆಸೆಯಿಸಿದೆ. ದೋಣಿಯ ಅಂಚಿಗೆ ಅವನ್ನು ನಿಲ್ಲಿಸಿ, ಕೆಳಗೆ ಹಲಗೆ ಕೊಟ್ಟು ಬೋಲ್ಟು ಬಿಗಿದೆ. ಬರೀ ಮೇಲಿನಿಂದ ಸ್ಕ್ರೂ ಹೊಡೆದರೆ ಮೈಭಾರ ಬಿದ್ದ ಕೂಡಲೇ ಕಿತ್ತುಬರುತ್ತದೆ. ಪೈಪಿನಿಂದ ಪೈಪಿಗೆ ಎರಡು ಸಾಲು ತಂತಿ ಹಗ್ಗ. ಅದನ್ನು ಎಳೆದು ಬಿಗಿಯುವ ತಿರುಪುಗಳು ಇಂಡಿ ತಾಲೂಕಿನ ಗೆಳೆಯನ ದ್ರಾಕ್ಷಿ ಹಂದರದಿಂದ ಬಂದವು. ಹಾಯಿದೋಣಿಗೆ ಇಂಥ ತಂತಿ ತೊಡೆಯ ಎತ್ತರಕ್ಕಿದ್ದರೆ ಸಾಕು. ಈಕೆ ಎದೆಯ ಎತ್ತರಕ್ಕೆ ಬೇಕೆಂದಳು. ಅದಕ್ಕೆ ಹಾಯಿಯ ಅಡ್ಡಗೋಲನ್ನು ತಂತಿಗೆ ತಾಗದಂತೆ ಮೇಲೇರಿಸಿ, ಹಾಯಿಯ ಬುಡವನ್ನೇ ಕತ್ತರಿಸಬೇಕಾಯಿತು. ನಾನೇ ಹೊಲಿದ ಹಾಯಿಗೆ ನಾನೇ ಕತ್ತರಿ ಆಡಿಸಿದೆ.

ಬಲೆ ತಂದವನು ಅವಳ ತಮ್ಮ. ಸಿಂದಗಿ ಕಡೆಯವರು, ಕುರಿ ಸಾಕುವ ಮನೆತನ. ಹೊಲದಲ್ಲಿ ಕುರಿ ನಿಲ್ಲಿಸುವಾಗ ಸುತ್ತ ಬಿಗಿಯುತ್ತಾರಲ್ಲ, ಆ ದಪ್ಪ ನೈಲಾನ್ ಬಲೆ. ಅಕ್ಕ ತಮ್ಮ ಇಬ್ಬರೂ ಕೂತು ಅದನ್ನು ಮೇಲಿನ ತಂತಿಗೂ ಕೆಳಗಿನ ತಂತಿಗೂ ಹೆಣೆದರು. ನಾನು ಮುಖ ಊದಿಸಿಕೊಂಡು ದಂಡೆಯ ಕಲ್ಲಿನ ಮೇಲೆ ಕೂತಿದ್ದೆ. ‘ಹೆಂಗರ ಕಟ್ಕೋರಿ’ ಎಂದಿದ್ದೆ. ಒಂದು ಗಂಟನ್ನೂ ಕಣ್ಣೆತ್ತಿ ನೋಡಲಿಲ್ಲ. ತಪ್ಪಾದದ್ದು ಅಲ್ಲೇ.

ಮರುದಿನ ಬೆಳಿಗ್ಗೆ ಇಬ್ಬರೂ ಹತ್ತಿದೆವು. ಮೊಬೈಲು ನೆನೆಯುತ್ತವೆಂದು ಅವಳ ತಮ್ಮನ ಕೈಗೆ ಕೊಟ್ಟೆವು. ಅವನು ದಂಡೆಯಿಂದಲೇ ಬಲೆಯ ಕೊನೆಯ ಮೂಲೆ ಬಿಗಿದು, ದೋಣಿ ದೂಡಿ, ಕುರಿಯ ಕಡೆ ನಡೆದ.

ಗಾಳಿ ಛಲೋ ಇತ್ತು. ಅರ್ಧ ಗಂಟೆ ನಾನು ಮನುಷ್ಯನಾಗಿದ್ದೆ. ಆಮೇಲೆ ಗಾಳಿ ತಟ್ಟನೆ ತಿರುಗಿತು. ಗಿಡ್ಡ ಮಾಡಿದ ಹಾಯಿ ನನ್ನ ಮಾತು ಕೇಳಲಿಲ್ಲ. ದೋಣಿ ಅಡ್ಡಡ್ಡ ಜಾರಿ, ನೀರಿನಲ್ಲಿ ಅರ್ಧ ಮುಳುಗಿ ಸತ್ತು ಒಣಗಿದ್ದ ಜಾಲಿಗಿಡಕ್ಕೆ ಹೋಗಿ ಒರಗಿತು. ಮುಳ್ಳಿನ ಕೊಂಬೆಗಳು ಬಲೆಯ ಕಣ್ಣಿನಲ್ಲಿ ಹೊಕ್ಕು ಸಿಕ್ಕಿಕೊಂಡವು. ಗಳ ಇಳಿಸಿ ನೋಡಿದೆ, ನೀರು ಎದೆಮಟ್ಟ. ಇಳಿದು ಬಲೆ ಬಿಡಿಸಿದರೆ ಮುಗಿಯಿತು ಎಂದುಕೊಂಡು ಮೂಲೆಗೆ ಹೋದೆ. ಗಂಟು ಕಾಣಲಿಲ್ಲ. ಬಲೆಗೆ ಮುಖ ಒತ್ತಿ ನೋಡಿದೆ. ಒಂದಲ್ಲ, ಎಲ್ಲ ಗಂಟುಗಳೂ ಹೊರಗಿದ್ದವು.

“ಗಂಟು ಹೊರಗ ಯಾಕ ಹಾಕೀರಿ?” ಎಂದು ಕಿರುಚಿದೆ.

ಆಕೆ ಕಣ್ಣು ಪಿಳಿಪಿಳಿ ಮಾಡಿದಳು. “ಒಳಗ ಇದ್ರ ಕುರಿ ಕಡೀತಾವಲ್ರಿ.”

ಕುರಿ ಕಾಯುವವನು ಹಟ್ಟಿಯ ಹೊರಗೆ ಮಲಗುತ್ತಾನೆ, ಹೊರಗಿನಿಂದಲೇ ಕಟ್ಟುತ್ತಾನೆ, ಹೊರಗಿನಿಂದಲೇ ಬಿಚ್ಚುತ್ತಾನೆ. ಅಕ್ಕ ತಮ್ಮನ ಬೆರಳಿಗೆ ಬೇರೆ ರೀತಿ ಗೊತ್ತೇ ಇಲ್ಲ. ನಾನು ಮೇಲಿನ ತಂತಿಗೆ ಕಾಲು ಎಸೆದೆ. ದೋಣಿ ಮಗ್ಗುಲಾಗಿ ನೀರು ಒಳಗೆ ನುಗ್ಗಿತು, ಆಕೆ ಚೀರಿದಳು, ನಾನು ದೊಪ್ಪೆಂದು ಒಳಗೇ ಬಿದ್ದೆ. ಚಾಕು ಇಲ್ಲ, ಮೊಬೈಲು ಇಲ್ಲ. ಬಿಸಿಲು ನೆತ್ತಿಗೆ ಬಂತು. ತೀರ ದೂರವೇನಲ್ಲ, ಕೂಗಿದರೆ ಕೇಳುವಷ್ಟು ದೂರದಲ್ಲಿ ಮೀನುಗಾರನೊಬ್ಬ ತೆಪ್ಪದಲ್ಲಿ ಕೂತಿದ್ದ.

“ಅಂವನ್ನ ಕರೀರಿ,” ಎಂದಳು.

“ಸತ್ರೂ ಕರಿಯಂಗಿಲ್ಲ.”

ಕರೆದರೆ ಸಂಜೆಯೊಳಗೆ ಇಡೀ ಕೊಲ್ಹಾರ ನಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕರೆದರೆ ಮಾತಿನಂತೆ ದೋಣಿ ಹೋಗುತ್ತದೆ. ಮತ್ತೆ ಅದೇ ಪಡಸಾಲೆ, ಬಚ್ಚಲಲ್ಲಿ ಅದೇ ಹೂಂ. ಎರಡು ತಾಸು ನಾನು ತೆಪ್ಪಕ್ಕೆ ಬೆನ್ನು ತಿರುಗಿಸಿಕೊಂಡೇ ಇದ್ದೆ. ಆಕೆ ಮಾತ್ರ ಬಲೆಯ ಕಣ್ಣಿನಲ್ಲಿ ಎರಡೆರಡೇ ಬೆರಳು ತೂರಿಸಿ, ಕಾಣದ ಗಂಟನ್ನು ತಡವುತ್ತ ಕೂತಳು. ಉಗುರು ಮುರಿದು ರಕ್ತ ಬಂತು. “ಸಾಕ ಬಿಡ,” ಎಂದೆ. ಕೇಳಲಿಲ್ಲ. ಕೊನೆಗೆ ಗಂಟು ಸಡಿಲಿ ಮೂಲೆಯ ಬಲೆ ಜಗ್ಗನೆ ಕೆಳಗೆ ಬಿತ್ತು.

ನಾನು ನೀರಿಗೆ ಇಳಿಯಲು ಎದ್ದು ನಿಂತೆ. “ಒಂದ್ ನಿಮಿಷ ನಿಲ್ರಿ,” ಎಂದು ಹಾಯಿಯ ಹಗ್ಗವೊಂದನ್ನು ತಂದು ನನ್ನ ಸೊಂಟಕ್ಕೆ ಕಟ್ಟಿದಳು. ಕಟ್ಟಲಿ ಎಂದು ಕೈ ಮೇಲೆತ್ತಿದೆ. ಇನ್ನೊಂದು ತುದಿಯನ್ನು ಹಾಯಿಯ ಕಂಬಕ್ಕೆ ಕಟ್ಟುವಳೆಂದುಕೊಂಡೆ. ಆಕೆ ಅದನ್ನು ತನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡಳು.

“ಹುಚ್ಚಿ ಏನ್ ನೀನು? ನಿನಗ ಈಸಾಕ ಬರ್ತೈತೇನು?”

“ಬರಂಗಿಲ್ಲ.”

“ನನಗ ನೀರಾಗ ಮೂರ್ಛಿ ಬಂದ್ರ?”

“ಬಂದ್ರ ನಾನೂ ಬರ್ತೇನಿ. ಮ್ಯಾಲ ಒಬ್ಬಾಕಿ ಕುಂತು ಏನ್ ಮಾಡ್ಲಿ?” ಉಪ್ಪು ಕಡಿಮೆ ಇದೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು.

ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಮುಂದೆ ಬಾಗಿಲು ತೆರೆದಿತ್ತು. ಕಾಲು ಮಾತ್ರ ಏಳಲಿಲ್ಲ. ಈ ಹೆಂಗಸು ನನ್ನ ಪಾಡಿಗೆ ನಾನು ಸಾಯುವಷ್ಟು ಸ್ವಾತಂತ್ರ್ಯವನ್ನೂ ಉಳಿಸಲಿಲ್ಲವಲ್ಲ ಎಂದು ಸಿಟ್ಟು ಬಂತು. ಅದರ ಹಿಂದೆಯೇ ಅಳು ಬಂತು. ಮುಖ ತೆಪ್ಪದ ಕಡೆ ತಿರುಗಿಸಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ. “ಏ ತಮ್ಮಾ! ಬಾರೋ ಇಲ್ಲಿ! ಸಿಕ್ಕೊಂಡೇವಿ!”

ತೆಪ್ಪದವನು ಹತ್ತಿರ ಬಂದು ಕಣ್ಣರಳಿಸಿದ. “ಏನ್ ಕಾಕಾ, ನೀರಾಗ ಕುರಿಹಟ್ಟಿ ಹಾಕೀರಲ್ಲ! ಎಷ್ಟ್ ಅದಾವ ಕುರಿ?”

“ಎರಡ ಅದಾವಪ್ಪಾ. ಮೊದ್ಲ ಬಿಡಸು,” ಎಂದಳು ನನ್ನ ಹೆಂಡತಿ.

ಅವನು ಕೊಂಬೆ ಮುರಿದು, ಬಲೆ ಬಿಡಿಸಿ, ನಮ್ಮನ್ನು ದಂಡೆಯ ತನಕ ಎಳೆದು ತಂದ. ನಾನೇ ಬಾಯಿ ಬಿಟ್ಟೆ. “ಮಾತಂದ್ರ ಮಾತು. ದೋಣಿ ಇಂವಗ ಕೊಟ್ಬಿಡೂಣು.”

“ಸುಮ್ನಿರ್ರಿ. ಕರೀರಿ ಅಂದ್ರ ಕರದ್ರಲ್ಲ, ಅಷ್ಟ ಸಾಕು. ನಾಳಿ ಬಲಿಗೆ ಬಾಗಲಾ ಇಟ್ಟು, ಗಂಟು ಒಳಗ ಹಾಕೂಣು.”

ದಂಡೆಯ ಏರು ಹತ್ತುವಾಗಲೂ ಹಗ್ಗ ನಮ್ಮಿಬ್ಬರ ಸೊಂಟದಲ್ಲೇ ಇತ್ತು. ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ ನಕ್ಕರು. ಆಕೆ ಮುಂದೆ, ನಾನು ಹಿಂದೆ. ಬಿಚ್ಚು ಎಂದು ನಾನು ಹೇಳಲಿಲ್ಲ.